ದಫ್ತರಿಗೆ ಏರದ ಅಪರಾಧಗಳು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಈ ಮುಂಬಯಿಗೆ ಬಂದ ಹೊಸತರಲ್ಲಿ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಯಾರೋ ನನ್ನ ಜೇಬು ಕತ್ತರಿಸಿದರು. ಠಾಣೆಗೆ ಹೋಗಿ ಅರೆಬರೆ ಮರಾಠಿಯಲ್ಲಿ ಅಹವಾಲು ಹೇಳಿಕೊಂಡೆ. “ಹಣ ಕಳೆದುಹೋಯಿತೆಂದು ಬರೆದುಕೊಡಿ, ಬೇಗ ಮುಗಿಯುತ್ತದೆ” ಎಂದರು. ಬರೆದುಕೊಟ್ಟು ಬಂದೆ. ಕಳ್ಳನು ಕದ್ದದ್ದು ನಿಜ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಕಳ್ಳತನ ನಡೆಯಲೇ ಇಲ್ಲ!

‘ಕ್ರೈಮ್ ಇನ್ ಇಂಡಿಯಾ’ ಎಂಬ ಸರ್ಕಾರಿ ವರದಿ 1953ನೆಯ ವರ್ಷದ ಲೆಕ್ಕದಿಂದ ಮೊದಲಾಯಿತು. ಈಗ ಅದನ್ನು ಸಿದ್ಧಪಡಿಸುವುದು 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಅದು ಎಣಿಸುವುದು ಠಾಣೆಯಲ್ಲಿ ದಾಖಲಾದ ಮೊಕದ್ದಮೆಗಳನ್ನು; ನಡೆದ ಅಪರಾಧಗಳನ್ನಲ್ಲ. ಒಂದೇ ಮೊಕದ್ದಮೆಯಲ್ಲಿ ಹಲವು ಅಪರಾಧಗಳಿದ್ದರೆ ಎಲ್ಲಕ್ಕಿಂತ ಘೋರವಾದ ಒಂದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆದುದರಿಂದ ಅಂಕಿ ಏರಿದ ಊರೆಲ್ಲ ಕೆಟ್ಟ ಊರೆಂದು ತಿಳಿಯಬಾರದು. ಅಲ್ಲಿ ದೂರನ್ನು ಸರಿಯಾಗಿ ಬರೆದುಕೊಳ್ಳುತ್ತಿರಲೂಬಹುದು.

ಜೇಬಿನ ಮಾತು ಹೋಗಲಿ. ಹಣ ಮತ್ತೆ ಸಂಪಾದಿಸಬಹುದು. ಮನೆಯೊಳಗಿನ ಪೆಟ್ಟಿನ ಗತಿಯೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಠಾಣೆಯ ದಫ್ತರನ್ನು ನೋಡದೆ ಹೆಂಗಸರನ್ನೇ ಕೇಳಿದರು. ಮದುವೆಯಾದ 18ರಿಂದ 49ರ ವಯಸ್ಸಿನವರಲ್ಲಿ ನೂರಕ್ಕೆ 29 ಮಂದಿ ಗಂಡನಿಂದ ಹಿಂಸೆ ಉಂಡವರು. ನಮ್ಮ ಕರ್ನಾಟಕದಲ್ಲಿ 44! ದೇಶದಲ್ಲಿ ಹಿಂಸೆಗೆ ಗುರಿಯಾದ ಹೆಂಗಸರ ಪೈಕಿ ಯಾರಲ್ಲಾದರೂ ನೆರವು ಕೇಳಿದವರು ನೂರಕ್ಕೆ 14 ಮಂದಿ. ಅವರಲ್ಲೂ ಹೆಚ್ಚಿನವರು ಹೋದದ್ದು ತವರಿನವರ ಬಳಿಗೆ; ಪೊಲೀಸರ ತನಕ ಹೋದವರು ತೀರ ವಿರಳ.

ಊರು ಬಿಟ್ಟು ಬಂದ ನಮ್ಮ ಹೆಣ್ಣುಮಕ್ಕಳಿಗೆ ತವರು ದೂರ, ಠಾಣೆಯ ಭಾಷೆ ಇನ್ನೂ ದೂರ. ಕಾನೂನೇನೋ ನಮ್ಮ ಪಾಲಿಗಿದೆ. ಪೊಲೀಸರೇ ನೇರವಾಗಿ ಕೈಗೆತ್ತಿಕೊಳ್ಳಬಹುದಾದ ಅಪರಾಧದ ದೂರು ಬಂದರೆ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸಲೇಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಸಂಸಾರದ ವ್ಯಾಜ್ಯದಂಥ ಕೆಲವು ಸಂಗತಿಗಳಲ್ಲಿ ಮಾತ್ರ ಮೊದಲು ವಿಚಾರಿಸಿ ನೋಡಲು ಅವಕಾಶವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ ಪ್ರಕಾರ, ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಅಂಥ ದೂರು ಕೊಡಬಹುದು. ಬಾಯಲ್ಲಿ ಹೇಳಿದ್ದನ್ನು ಬರೆದು, ಓದಿ ಹೇಳಿ, ರುಜು ಪಡೆದು, ನಕಲನ್ನು ಉಚಿತವಾಗಿ ಕೊಡಬೇಕು.

ಆದರೆ ಕಾನೂನು ತಾನಾಗಿ ನಡೆದು ಬಂದು ಬಾಗಿಲು ತಟ್ಟುವುದಿಲ್ಲ. ಈ ನಗರದ ಭಾಷೆ ಬಲ್ಲ ಇಬ್ಬರು ಗಂಡಸರು, ಇಬ್ಬರು ಹೆಂಗಸರು ನಮ್ಮ ಸಂಘದಿಂದ ಮುಂದೆ ಬರಲಿ. ಕರೆದಾಗ ಜೊತೆಗೆ ಠಾಣೆಗೆ ಹೋಗಲಿ. ಪಕ್ಕದ ಮನೆಯ ಅಳು ಕೇಳಿದಾಗ ರೇಡಿಯೋದ ಸದ್ದು ಏರಿಸುವುದನ್ನು ನಾವು ಬಿಡೋಣ. ಪರವೂರಿನಲ್ಲಿ ಆ ತಾಯಿಗೆ ಕನ್ನಡ ಸಂಘವೇ ತವರು.