ಅಕಾಲದ ಅತಿಥಿಗಳು

‘ಆಫ್ ಸೀಸನ್’ ಎಂಬ ಮಾತಿಗೆ ಕನ್ನಡದಲ್ಲಿ ಒಪ್ಪುವ ಪದವೊಂದು ಇನ್ನೂ ಹುಟ್ಟಿಲ್ಲ. ‘ಅಕಾಲ’ ಎನ್ನೋಣವೆಂದರೆ ಅದರಲ್ಲಿ ಕ್ಷಾಮದ ನೆರಳಿದೆ, ಮೃತ್ಯುವಿನ ಸೂಚನೆಯೂ ಇದೆ. ‘ಋತುವಲ್ಲದ ಋತು’ ಎಂದರೆ ಒಗಟಾಗುತ್ತದೆ. ಪದವಿಲ್ಲದಿರುವುದಕ್ಕೆ ಕಾರಣವನ್ನು ಹುಡುಕುತ್ತ ದೂರ ಹೋಗಬೇಕಾದದ್ದೇನೂ ಇಲ್ಲ. ಕಡಲ ದಂಡೆಯ ನಮ್ಮ ಹಿರಿಯರು ವರ್ಷದ ಯಾವ ತಿಂಗಳನ್ನೂ ಕೆಲಸಕ್ಕೆ ಬಾರದ್ದೆಂದು ತೆಗೆದಿಟ್ಟವರಲ್ಲ. ಬರುವವನಿಗೆ ಸೀಸನ್ನು ಉಂಟು. ಇರುವವನಿಗೆ ಇರುವುದು ಮಳೆಗಾಲ, ಚಳಿಗಾಲ, ಬೇಸಗೆ ಇಷ್ಟೆ.

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು ಧಾರವಾಡದಲ್ಲಿರುವ ಹಳೆಯ ಸಹಪಾಠಿಯೊಬ್ಬರ ಪತ್ರದಿಂದ. ಅವರೂ ನನ್ನಂತೆ ನಿವೃತ್ತ ಅಧ್ಯಾಪಕರು. ಮಗ ಲಂಡನ್ನಿನಲ್ಲಿದ್ದಾನೆ. ಜನವರಿಯಲ್ಲಿ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪಕ್ಕೆ ಹೋದರೆ ವಿಮಾನವೂ ಅಗ್ಗ, ಹೋಟೆಲೂ ಅಗ್ಗ, ಜನಸಂದಣಿಯೂ ಇಲ್ಲ, ಅಪ್ಪ ಅಮ್ಮ ಇಬ್ಬರೂ ಬನ್ನಿ ಎಂದು ಅವನ ಒತ್ತಾಯ. ಸ್ನೇಹಿತರ ಪತ್ನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ವರ್ಷ ತುಂಬಿದೆ. “ನಮ್ಮಲ್ಲಿ ಇರುವುದು ಒಂದೇ ಪ್ರವಾಸಕ್ಕೆ ಆಗುವಷ್ಟು ಹಣ, ಒಂದೇ ಪ್ರವಾಸಕ್ಕೆ ಆಗುವಷ್ಟು ಮೊಣಕಾಲು. ನೀನು ಕಡಲ ದಂಡೆಯವನು, ಏನು ಹೇಳುತ್ತೀ?” ಎಂದು ಕೇಳಿದ್ದರು. ವಯಸ್ಸಾದವರು ಪ್ರವಾಸವನ್ನು ಯೋಚಿಸುವಾಗ ಈ ಎರಡನೆಯ ಲೆಕ್ಕವೇ ಹೆಚ್ಚು ಕಠಿಣವಾದದ್ದು. ಹಣವನ್ನು ಇನ್ನೊಮ್ಮೆ ಕೂಡಿಹಾಕಬಹುದು.

ಮೆಡಿಟರೇನಿಯನ್ ಹವೆ ನಮ್ಮ ಹವೆಗೆ ಸರಿಯಾಗಿ ತಲೆಕೆಳಗು. ಅಲ್ಲಿ ಬೇಸಗೆ ಒಣಗಿದ್ದು, ಮಳೆ ಬರುವುದೆಲ್ಲ ಚಳಿಗಾಲದಲ್ಲಿ. ಮಾಲ್ಟಾದಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 550 ಮಿಲ್ಲಿಮೀಟರು. ಉಡುಪಿ ಜಿಲ್ಲೆಯಲ್ಲಿ ಜುಲೈ ತಿಂಗಳ ಹದಿನೈದು ದಿನಗಳಿಗೆ ಅದು ಸಾಕಾಗುವುದಿಲ್ಲ. ಆದ್ದರಿಂದ ಮಳೆಗೆ ಹೆದರಿ ಅಲ್ಲಿಗೆ ಹೋಗಬೇಡಿ ಎಂದು ನಾನು ಹೇಳುವಂತಿಲ್ಲ. ಆ ಮಳೆಯಲ್ಲಿ ಚಳಿಗಾಳಿ ಸೇರಿಕೊಂಡಿರುತ್ತದೆ ಎಂಬುದನ್ನು ಮಾತ್ರ ನೆನಪಿಸಬೇಕು. ವಲೆಟ್ಟಾ ನಗರದ ಸಂತ ಜಾನನ ಚರ್ಚಿನಲ್ಲಿ ಕಾರವಾಜ್ಜೊ 1608ರಲ್ಲಿ ಬರೆದ ಮಹಾಚಿತ್ರವಿದೆ. ಅದನ್ನು ನೋಡುವುದಕ್ಕೆ ಬಿಸಿಲು ಬೇಕಿಲ್ಲ. ಆದರೆ ಕಡಲ ಸ್ನಾನ, ಬಿಸಿಲಿನ ಬೆಚ್ಚಗೆ ಎಂದು ಕನಸು ಕಟ್ಟಿಕೊಂಡು ಹೋದವರ ಪಾಡು ಬೇರೆ.

ಅದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. 1838ರ ನವೆಂಬರಿನಲ್ಲಿ ಫ್ರೆಂಚ್ ಲೇಖಕಿ ಜಾರ್ಜ್ ಸಾಂಡ್ ತನ್ನ ಇಬ್ಬರು ಮಕ್ಕಳನ್ನೂ ಸಂಗೀತಗಾರ ಶೋಪಾನನನ್ನೂ ಕರೆದುಕೊಂಡು ಮಯೋರ್ಕಾ ದ್ವೀಪಕ್ಕೆ ಹೋದಳು. ಮಗನಿಗೆ ಸಂಧಿವಾತ, ಶೋಪಾನನಿಗೆ ಎದೆಯ ರೋಗ. ದಕ್ಷಿಣದ ಬಿಸಿಲು ಇಬ್ಬರನ್ನೂ ಗುಣಪಡಿಸೀತೆಂಬ ಆಸೆ. ಮೊದಲ ಕೆಲವು ವಾರ ಬಿಸಿಲಿತ್ತು. ಆಮೇಲೆ ಮಳೆ ಹಿಡಿಯಿತು. ಶೋಪಾನನ ಕೆಮ್ಮು ಏರಿತು, ಕ್ಷಯವೆಂಬ ಸುದ್ದಿ ಹಬ್ಬಿತು, ಮನೆಯ ಮಾಲೀಕ ಅವರನ್ನು ಹೊರಡಿಸಿದ. ವಾಲ್ದೆಮೊಸ್ಸಾ ಎಂಬ ಬೆಟ್ಟದೂರಿನ ಬರಿದಾದ ಮಠದ ಕೋಣೆಗಳಲ್ಲಿ ಉಳಿದುಕೊಂಡು, ಫೆಬ್ರವರಿಯಲ್ಲಿ ಇನ್ನಷ್ಟು ಜರ್ಜರಿತರಾಗಿ ಹಿಂದಿರುಗಿದರು. ಆ ತೇವದ ಕೋಣೆಯಲ್ಲಿ ಕುಳಿತೇ ಶೋಪಾನ್ ತನ್ನ ಇಪ್ಪತ್ತನಾಲ್ಕು ‘ಪ್ರಿಲ್ಯೂಡ್’ಗಳನ್ನು ಪೂರ್ಣಗೊಳಿಸಿದ ಎಂಬುದು ಬೇರೆ ಮಾತು. ಸಾಂಡ್ ಆ ಚಳಿಗಾಲದ ಬಗೆಗೆ ಒಂದು ಪುಸ್ತಕ ಬರೆದಳು. ಅದರಲ್ಲಿ ದ್ವೀಪದವರ ಮೇಲೆ ಬಹಳ ಕಟುವಾದ ಮಾತುಗಳಿವೆ. ನನಗೆ ಆಕೆಯ ಮೇಲೆ ಕನಿಕರವೂ ಉಂಟು, ಸ್ವಲ್ಪ ಸಿಟ್ಟೂ ಉಂಟು. ಬೇರೆ ಋತುವಿನ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಋತುವಿನ ಊರಿಗೆ ಹೋದರೆ ಊರು ತಾನೆ ಏನು ಮಾಡೀತು?

ಹಿಂದಿನ ಕಾಲದ ರೋಮನರು ಈ ವಿಚಾರದಲ್ಲಿ ಹೆಚ್ಚು ತಿಳಿದವರು. ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಸಮುದ್ರ ಮುಚ್ಚಿದೆ ಎಂದು ವೆಜೀಶಿಯಸ್ ಎಂಬ ಗ್ರಂಥಕಾರ ಬರೆದಿಟ್ಟಿದ್ದಾನೆ. ಅವರ ಕಾಲದ ವ್ಯಾಪಾರಿಗಳು ನಮ್ಮ ಕರಾವಳಿಗೆ ಬರುವಾಗಲೂ ಲೆಕ್ಕ ಹಾಕಿಯೇ ಬರುತ್ತಿದ್ದರು: ಈಜಿಪ್ಟಿನ ಬಂದರುಗಳಿಂದ ಜುಲೈ ಸುಮಾರಿಗೆ ಹೊರಟು, ಮುಂಗಾರಿನ ಗಾಳಿಯನ್ನೇ ಹಾಯಿಗೆ ಕಟ್ಟಿಕೊಂಡು, ಇಲ್ಲಿಯ ಕಡಲು ಶಾಂತವಾಗುವ ಹೊತ್ತಿಗೆ ದಡ ಮುಟ್ಟುವಂತೆ. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದು ಹುಲ್ಟ್ಶ್ ಮೊದಲಾದ ವಿದ್ವಾಂಸರು ವಾದಿಸಿದ್ದು ನಿಮಗೆ ಗೊತ್ತೇ ಇದೆ. ಆ ವಾದ ಇನ್ನೂ ಮುಗಿದಿಲ್ಲ. ನಮ್ಮ ದಾರಿಗೆ ಅದು ಅಡ್ಡವೂ ಅಲ್ಲ.

ನಮ್ಮ ಕಡಲೂ ಮುಚ್ಚುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಅರುವತ್ತೊಂದು ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಗಂಗೊಳ್ಳಿಯಲ್ಲೂ ಮಲ್ಪೆಯಲ್ಲೂ ದೋಣಿಗಳು ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತವೆ. ನಾಡದೋಣಿಯವರು ಮಾತ್ರ ಕಡಲಿನ ಮುಖ ನೋಡುತ್ತ ಕಾಯುತ್ತಾರೆ. ಅವರು ಕಾಯುವುದು ತೂಫಾನಿಗೆ. ಕಡಲು ಒಮ್ಮೆ ಬುಡಮೇಲಾಗಿ ಕದಡಿದರೆ ದಡದ ಬಳಿಗೆ ಮೀನು ಬರುತ್ತದೆ ಎಂಬುದು ಅವರ ಅನುಭವ. ಬೇರೆಯವರು ಹೆದರುವುದನ್ನು ಅವರು ಹಾರೈಸುತ್ತಾರೆ. ಮಲ್ಪೆಯಾಚೆಯ ಸೈಂಟ್ ಮೇರೀಸ್ ದ್ವೀಪ, ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದ ಲಾವಾದ ಕಂಬಗಳಿರುವ ಆ ದ್ವೀಪ, ಮಳೆಗಾಲದಲ್ಲಿ ಪ್ರವಾಸಿಗಳಿಗೆ ಇಲ್ಲವೇ ಇಲ್ಲ. ದೋಣಿ ಹೋಗುವುದಿಲ್ಲ. ಹೋಗುತ್ತೇವೆಂದು ಯಾರಾದರೂ ಒಪ್ಪಿದರೆ ನೀವು ಒಪ್ಪಬಾರದು.

ಹಾಗಾದರೆ ದ್ವೀಪವಿಲ್ಲವೆ? ಉಂಟು. ನಮ್ಮ ಭಾಷೆಯಲ್ಲಿ ಅದಕ್ಕೆ ‘ಕುದ್ರು’ ಎಂದು ಹೆಸರು. ಕುಂದಾಪುರದ ಸುತ್ತ ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡಿ ಕಡಲಿಗೆ ಇಳಿಯುವಲ್ಲಿ, ನೀರಿನ ನಡುವೆ ಎದ್ದು ನಿಂತ ನೆಲದ ತುಂಡುಗಳೇ ಕುದ್ರುಗಳು. ಸ್ನೇಹಿತರಿಗೆ ನಾನು ಸೂಚಿಸಿದ್ದು ಉಪ್ಪಿನಕುದ್ರುವನ್ನು. ಇಲ್ಲಿಗೆ ರಸ್ತೆಯಿದೆ, ಮೊಣಕಾಲಿಗೆ ಹತ್ತುವ ಇಳಿಯುವ ಶಿಕ್ಷೆಯಿಲ್ಲ. ಕಾಮತ್ ಮನೆತನದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಯಕ್ಷಗಾನದ ಸೂತ್ರದ ಗೊಂಬೆಯಾಟ ಈ ಕುದ್ರುವಿನದು. ಕೊಗ್ಗ ಕಾಮತರ ಕೈಯಲ್ಲಿ ಅದು ದೇಶದ ಮನ್ನಣೆ ಪಡೆಯಿತು, ಹೊರದೇಶಗಳನ್ನೂ ಕಂಡುಬಂತು. ಒಂದೂವರೆ ಅಡಿಯ ಮರದ ಗೊಂಬೆ ಬಡಗುತಿಟ್ಟಿನ ಕೇದಗೆ ಮುಂದಲೆಯನ್ನು ಕಟ್ಟಿಕೊಂಡು ಚೆಂಡೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆಯಿಡುವುದನ್ನು ಮಳೆಯ ಸದ್ದಿನ ನಡುವೆ ನೋಡಬೇಕು. ಪ್ರದರ್ಶನ ಯಾವ ದಿನ ಇದೆಯೆಂದು ಮೊದಲೇ ವಿಚಾರಿಸಿಕೊಂಡು ಬರುವುದು ಕ್ಷೇಮ. ಬಯಲಾಟದ ಮೇಳಗಳ ತಿರುಗಾಟ ಮಳೆಗೆ ಮುಂಚೆ ಮುಗಿದಿರುತ್ತದೆ. ಮಳೆಗಾಲದ ರಾತ್ರಿಗಳು ತಾಳಮದ್ದಲೆಗೆ. ವೇಷವಿಲ್ಲ, ಬರಿಯ ಮಾತು. ಕನ್ನಡ ಕಲಿಸಿದ ಇಬ್ಬರು ಮುದುಕರಿಗೆ ಇನ್ನೇನು ಬೇಕು?

ಯಾವಾಗ ಬರಬೇಕೆಂಬುದು ಮುಖ್ಯವಾದ ಪ್ರಶ್ನೆ. ತಾರೀಕು ನೋಡುವುದಕ್ಕಿಂತ ಮಳೆನಕ್ಷತ್ರ ನೋಡುವುದು ಲೇಸು. ಜೂನ್ ಎರಡನೆಯ ವಾರದ ಮೃಗಶಿರವನ್ನು ನಂಬಿ ಬರಬಾರದು. ಅದು ಒಂದು ವರ್ಷ ಸುರಿಯುತ್ತದೆ, ಇನ್ನೊಂದು ವರ್ಷ ಬೆವರಿಸುತ್ತದೆ. ಆರಿದ್ರೆ, ಪುನರ್ವಸುಗಳಲ್ಲಿ ಮನೆಯಿಂದ ಹೊರಗೆ ಕಾಲಿಡಲಾರಿರಿ. ಆದರೆ ಗದ್ದೆ ನೋಡಬೇಕೆನ್ನುವವರಿಗೆ ಅದೇ ಕಾಲ. ಕಾರ್ತಿ ಬೆಳೆಯ ನಟ್ಟಿ ನಡೆಯುವುದು ಆಗಲೇ. ಈಗ ಎಷ್ಟೋ ಕಡೆ ಯಂತ್ರ ಬಂದಿದೆ, ಎಷ್ಟೋ ಗದ್ದೆಗಳು ಹಡಿಲು ಬಿದ್ದಿವೆ. ಬೆನ್ನಿಗೆ ಗೊರಬು ಹಾಕಿಕೊಂಡು ಸಾಲಾಗಿ ಬಾಗಿದ ಹೆಂಗಸರನ್ನು ಕಾಣಲು ಇಂದು ಅದೃಷ್ಟ ಬೇಕು. ನನ್ನ ಮಟ್ಟಿಗೆ ಉತ್ತಮವಾದದ್ದು ಜುಲೈ ಕೊನೆಯ ಪುಷ್ಯದಿಂದ ಆಗಸ್ಟ್ ನಡುವಿನ ಮಖೆಯವರೆಗಿನ ಅವಧಿ. ಮಳೆಗೆ ಬಿಡುವಿರುತ್ತದೆ, ಬಿಡುವಿನಲ್ಲಿ ಬಿಸಿಲು ಬೀಳುತ್ತದೆ, ನಟ್ಟ ಗದ್ದೆ ಬೇರೂರಿ ಕಡುಹಸಿರಾಗಿರುತ್ತದೆ.

ಈ ದಿನಗಳಲ್ಲಿಯೇ ಹೆಚ್ಚಾಗಿ ಆಸಾಡಿ ಅಮಾವಾಸ್ಯೆ ಬರುತ್ತದೆ. ಪಂಚಾಂಗದ ಕರ್ಕಾಟಕ ಅಮಾವಾಸ್ಯೆ ಅದು. ಅಂದು ಮರವಂತೆಯ ಮಹಾರಾಜಸ್ವಾಮಿ ವರಾಹ ದೇವಸ್ಥಾನದಲ್ಲಿ ಜಾತ್ರೆ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ, ನಡುವೆ ಹಿಂದೆ 17 ಆಗಿದ್ದು ಈಗ 66 ಆಗಿರುವ ಹೆದ್ದಾರಿ. ಈ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ ಎಲ್ಲರೂ ಕಂಡಿದ್ದಾರೆ. ಆ ದಿನ ಹೊಸದಾಗಿ ಮದುವೆಯಾದವರು, ಬೇಸಾಯದವರು, ಮೀನುಗಾರರು ಕಡಲಲ್ಲೂ ಹೊಳೆಯಲ್ಲೂ ಮಿಂದು ದೇವರ ದರ್ಶನ ಮಾಡುತ್ತಾರೆ. ಪ್ರವಾಸಿಗಳಿಗೆ ಬಾಗಿಲು ಮುಚ್ಚಿದ ಕಾಲವೆಂದು ನಾವು ಹೇಳುವ ದಿನ ಇಲ್ಲಿಯವರಿಗೆ ವರ್ಷದ ದೊಡ್ಡ ದಿನ! 2019ರಿಂದ ಇದೇ ದಿನವನ್ನು ವಿಶ್ವ ಕುಂದಾಪ್ರ ಕನ್ನಡ ದಿನವೆಂದು ಆಚರಿಸುತ್ತ ಬಂದಿದ್ದಾರೆ. ‘ಹೋಯ್ಕ್, ಬರ್ಕ್’ ಎಂಬ ಮೊಟಕು ಕ್ರಿಯಾಪದಗಳನ್ನು ಕೇಳಿ ಧಾರವಾಡದವರು ನಗುವುದುಂಟು. ನಗಲಿ; ನಾವೂ ಅವರದನ್ನು ಕೇಳಿ ನಕ್ಕಿದ್ದೇವೆ.

ಆದರೆ ಊರವರು ಮೀಯುತ್ತಾರೆಂದು ನೀವು ಕಡಲಿಗೆ ಇಳಿಯಬೇಡಿ. ಅವರು ಒಬ್ಬರ ಕೈ ಒಬ್ಬರು ಹಿಡಿದು, ಅಲೆಯ ಲೆಕ್ಕ ತಿಳಿದು, ದಡದಲ್ಲಿಯೇ ಮುಳುಗೆದ್ದು ಬರುವವರು. ತ್ರಾಸಿ, ಮರವಂತೆ, ಕೋಡಿ, ಸೋಮೇಶ್ವರ, ಯಾವ ತೀರವೂ ಮಳೆಗಾಲದಲ್ಲಿ ಹೊರಗಿನವರ ಸ್ನಾನಕ್ಕಲ್ಲ. ಜಲಪಾತಗಳ ವಿಚಾರದಲ್ಲಿ ನಾನು ಇನ್ನೂ ನಿಷ್ಠುರ. ಬೈಂದೂರು ತಾಲೂಕಿನ ಕೂಸಳ್ಳಿಯಾಗಲಿ, ಕೊಲ್ಲೂರಿನ ಬಳಿಯ ಅರಶಿನಗುಂಡಿಯಾಗಲಿ ತುಂಬಿ ಧುಮುಕುವುದು ಈಗಲೇ, ನಿಜ. ಬಂಡೆ ಜಾರುವುದೂ ಈಗಲೇ. 2023ರ ಜುಲೈಯಲ್ಲಿ ಅರಶಿನಗುಂಡಿಯ ಅಂಚಿನಲ್ಲಿ ನಿಂತಿದ್ದ ತರುಣನೊಬ್ಬ ಜಾರಿ ಬಿದ್ದದ್ದನ್ನು, ಅವನ ಚಿತ್ರ ತೆಗೆಯುತ್ತಿದ್ದ ಕ್ಯಾಮೆರಾವೇ ದಾಖಲಿಸಿತು. ದೇಹ ಸಿಗಲು ದಿನಗಳೇ ಹಿಡಿದವು. ಮಳೆಗಾಲದ ಪ್ರವಾಸವೆಂದು ಜಲಪಾತದ ಚಿತ್ರ ಹಾಕಿ ಜಾಹೀರಾತು ಮಾಡುವವರು ಅದರ ಕೆಳಗೆ ಇದನ್ನೂ ಅಚ್ಚುಹಾಕಬೇಕು. ನಿಷೇಧದ ಫಲಕ ಕಂಡಲ್ಲಿ ಹಿಂದಿರುಗುವುದು ಹೇಡಿತನವಲ್ಲ.

ಇನ್ನು ವಸತಿ. ಡಿಸೆಂಬರಿನಲ್ಲಿ ಕೋಣೆ ಸಿಗದ ವಸತಿಗೃಹಗಳಲ್ಲಿ ಆಸಾಡಿಯಲ್ಲಿ ಬಾಡಿಗೆ ಇಳಿದಿರುತ್ತದೆ. ಕೊಲ್ಲೂರು ಮಾತ್ರ ಇದಕ್ಕೆ ಹೊರತು. ಮೂಕಾಂಬಿಕೆಯ ಬಳಿಗೆ ಕೇರಳದ ಯಾತ್ರಿಕರು ಮಳೆಯಲ್ಲೂ ಬರುತ್ತಾರೆ. ಇಳಿದ ಬಾಡಿಗೆಯನ್ನು ಇನ್ನಷ್ಟು ಚೌಕಾಸಿ ಮಾಡುವ ಜಾಣತನವನ್ನು ನಾನು ಮೆಚ್ಚಲಾರೆ. ಆ ತಿಂಗಳುಗಳಲ್ಲಿ ಕೋಣೆ ಗುಡಿಸುವ ಹೆಂಗಸಿಗೆ, ಆಟೋ ಓಡಿಸುವವನಿಗೆ, ಪ್ರವಾಸಿ ದೋಣಿಯನ್ನು ದಡಕ್ಕೆಳೆದು ಕುಳಿತವನಿಗೆ ಆದಾಯ ತೆಳ್ಳಗೆ. ಅಗ್ಗವೆಂದು ಬಂದ ಅತಿಥಿ ಉಳಿಸಿದ ಹಣದ ಒಂದು ಪಾಲನ್ನು ಊರಿನ ಸಣ್ಣ ಹೋಟೆಲಿನಲ್ಲಿ ಊಟ ಮಾಡಿ ಕಳೆದರೆ ನ್ಯಾಯ. ಅದರಲ್ಲಿ ನಷ್ಟವೇನೂ ಇಲ್ಲ. ಪತ್ರೊಡೆ, ಹಲಸಿನ ಎಲೆಯ ಕೊಟ್ಟೆ ಕಡುಬು, ಕಳಲೆಯ ಪಲ್ಯ, ಬೇಸಗೆಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆಯ ಹುಳಿ ಇವೆಲ್ಲ ಕಾಣಿಸಿಕೊಳ್ಳುವುದು ಈಗ. ಸೀಸನ್ನಿನಲ್ಲಿ ಬಂದವರಿಗೆ ಸಿಗುವುದು ಎಲ್ಲ ಊರುಗಳಲ್ಲೂ ಸಿಗುವ ನೂಡಲ್ಸು. ಅಮಾವಾಸ್ಯೆಯ ಬೆಳಗ್ಗೆ ಯಾರಾದರೂ ಹಾಲೆಮರದ ತೊಗಟೆಯ ಕಷಾಯ ಕೊಟ್ಟರೆ ಕುಡಿಯಬಹುದು, ತೊಗಟೆ ತಂದವನು ಮರದ ಗುರುತು ಬಲ್ಲವನಾಗಿದ್ದರೆ ಮಾತ್ರ. ಬಹಳ ಕಹಿ.

ಓದುಗರಾದವರು ಕೋಟ, ಮೊಗೇರಿಗಳನ್ನು ಬಿಡಬಾರದು. ಕೋಟ ಕಾರಂತರ ಊರು, ಬೈಂದೂರಿನ ಬಳಿಯ ಮೊಗೇರಿ ಗೋಪಾಲಕೃಷ್ಣ ಅಡಿಗರದು. ಕಾರಂತರು ಯೂರೋಪನ್ನು ಸುತ್ತಿ ‘ಅಪೂರ್ವ ಪಶ್ಚಿಮ’ ಬರೆದವರು. ಆದರೆ ‘ಮರಳಿ ಮಣ್ಣಿಗೆ’ಯ ಕಡಲನ್ನು ಅವರು ಕಂಡದ್ದು ಇಲ್ಲಿ. ಆ ಕಾದಂಬರಿಯನ್ನು ಮಳೆ ಹೊಡೆಯುವಾಗ ಓದಿದವನಿಗೆ ಆ ಮನೆಗಳ ಬಡತನ, ಒದ್ದೆ ಸೌದೆಯ ಹೊಗೆ, ಮುಗಿಯದ ಕೆಲಸ ಬೇರೆಯಾಗಿಯೇ ಅರ್ಥವಾಗುತ್ತದೆ. ಬಾರಕೂರಿಗೆ ಒಂದು ಅಪರಾಹ್ನ ಸಾಕು. ಮೆಡಿಟರೇನಿಯನ್ನಿನ ಬಾಗಿಲಲ್ಲಿರುವ ತಾಂಜಿಯರಿನಿಂದ ಹೊರಟ ಇಬ್ನ್ ಬತೂತ ಹದಿನಾಲ್ಕನೆಯ ಶತಮಾನದಲ್ಲಿ ‘ಫಾಕನೂರು’ ಎಂದು ಕರೆದು, ಇಲ್ಲಿಯ ಕಬ್ಬನ್ನು ಹೊಗಳಿದ ಊರು ಅದೇ.

ಘಟ್ಟ ಇಳಿದು ಬರುವವರು ಒಂದು ದಿನವನ್ನು ಕೈಯಲ್ಲಿ ಹೆಚ್ಚಾಗಿ ಇಟ್ಟುಕೊಳ್ಳಬೇಕು. ಧಾರವಾಡದಿಂದ ಅರಬೈಲು ಘಟ್ಟವಿಳಿದು ಅಂಕೋಲೆಗೆ ಬಂದರೆ ಮುಂದೆ ಹೆದ್ದಾರಿ. 2024ರ ಜುಲೈ 16ರಂದು ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡದ್ದು ಅಂಕೋಲೆಯ ಬಳಿಯ ಶಿರೂರಿನಲ್ಲಿ. ಬೈಂದೂರು ತಾಲೂಕಿನ ಶಿರೂರು ಬೇರೆ. ಸುದ್ದಿ ಕೇಳಿದ ನೆಂಟರೆಲ್ಲ ಅಂದು ನಮಗೆ ಫೋನು ಮಾಡಿದ್ದರು. ಕೆಂಪು ಎಚ್ಚರಿಕೆ ಹೊರಡಿಸಿದ ದಿನ ರಾತ್ರಿ ಪ್ರಯಾಣ ಬೇಡ. ಕೊಂಕಣ ರೈಲಿನಲ್ಲಿ ಬರುವವರು ಅದರ ಮಳೆಗಾಲದ ವೇಳಾಪಟ್ಟಿ ಬೇರೆಯೇ ಇದೆಯೆಂಬುದನ್ನು ಗಮನಿಸಬೇಕು. ವೇಗ ಕಡಿಮೆ ಮಾಡಿ ಓಡಿಸುತ್ತಾರೆ, ಅದು ಒಳ್ಳೆಯದೇ. ಬಾರಕೂರು, ಕುಂದಾಪುರ, ಬೈಂದೂರು ಮೂರು ಕಡೆಯೂ ನಿಲ್ದಾಣಗಳಿವೆ. ನಿಮ್ಮ ರೈಲು ಯಾವುದರಲ್ಲಿ ನಿಲ್ಲುತ್ತದೆಂದು ಟಿಕೆಟು ಕೊಳ್ಳುವ ಮುನ್ನ ನೋಡಿಕೊಳ್ಳಿ. ಬಟ್ಟೆ ಎರಡು ಜೊತೆ ಹೆಚ್ಚು ತನ್ನಿ, ಹತ್ತಿಯದು ಕಡಿಮೆ ಮಾಡಿ. ಒಗೆದದ್ದು ಮೂರು ದಿನವಾದರೂ ಒಣಗುವುದಿಲ್ಲ. ಔಷಧಿಯನ್ನು ಬಿಗಿಯಾದ ಡಬ್ಬಿಯಲ್ಲಿಡಿ. ಕೊಡೆ ದೊಡ್ಡದಿರಲಿ, ಕಡ್ಡಿ ಗಟ್ಟಿಯಿರಲಿ. ಮರವಂತೆಯ ಗಾಳಿಗೆ ಮಡಚುವ ಕೊಡೆ ಐದು ನಿಮಿಷ ನಿಲ್ಲುವುದಿಲ್ಲ.