ನೀರು ಬಂದಿದೆ, ಅರಿವೂ ಬರಲಿ
(ಶತಮಾನೋತ್ಸವದ ಅಂಗವಾಗಿ ಜರುಗಿದ ಯುವಜನರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)

ತಿಕೋಟಾ, ಬಬಲೇಶ್ವರ ಭಾಗದ ಶಾಲೆಗಳಲ್ಲಿ ಪರಿಸರದ ಪಾಠ ಹೇಳಲು ಹೊರಟಿರುವ ಕಾಲೇಜು ವಿದ್ಯಾರ್ಥಿಗಳೇ,

ಶತಮಾನೋತ್ಸವವು ಗತಕಾಲದ ಸ್ಮರಣೆಯ ಹಬ್ಬ. ಮುಂದಿನವರಿಗಾಗಿ ಏನನ್ನು ಬಿತ್ತಿ ಹೋಗುತ್ತೇವೆಂದು ಕೇಳಿಕೊಳ್ಳುವ ಪುಣ್ಯಕಾಲವೂ ಹೌದು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ನಮ್ಮ ದೇಶವು ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿ ಕಾಲೇಜು ವಿದ್ಯಾರ್ಥಿಗಳನ್ನು ಹಳ್ಳಿಗಳತ್ತ ಕಳುಹಿಸಿತು. ನೀವು ಹಿಡಿದಿರುವುದೂ ಅದೇ ದಾರಿ.

ನಮ್ಮದು ಬರವನ್ನು ಬಲ್ಲ ನಾಡು. ಆದುದರಿಂದಲೇ ಇಲ್ಲಿಯ ಹಿರಿಯರು ನೀರಿನ ಬೆಲೆಯನ್ನು ಅರಿತಿದ್ದರು. ಆದಿಲಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದ ನೆಲದಡಿಯ ಸುರಂಗದ ಮೂಲಕ ನಗರಕ್ಕೆ ನೀರು ಹರಿಯಿತು. 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಾಲಾಬ್ ನಿರ್ಮಾಣವಾದವು. ಬಬಲೇಶ್ವರ ಸೀಮೆಯ ಮಮದಾಪುರದ ಕೆರೆಯೂ ಆ ಅರಸರ ಕೊಡುಗೆಯೇ.

ಇಂದು ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಒಣ ನೆಲಕ್ಕೆ ಏರಿ ಬಂದಿದೆ. ಇದಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸೋಣ. ಆದರೆ ನಮ್ಮ ಎರೆಭೂಮಿಯು ನೀರನ್ನು ಬೇಗ ಬಸಿಯಗೊಡದು. ಮಿತಿಮೀರಿ ಹಾಯಿಸಿದರೆ ಕೆಳಗಿನ ಉಪ್ಪು ಮೇಲಕ್ಕೆ ಬಂದು ಹೊಲವು ಸವಳಾಗುತ್ತದೆ, ಜವಳಾಗುತ್ತದೆ. ಘಟಪ್ರಭಾ, ಮಲಪ್ರಭಾ, ತುಂಗಭದ್ರಾ ಅಚ್ಚುಕಟ್ಟುಗಳ ರೈತರು ಈ ಪಾಠವನ್ನು ತಮ್ಮ ಹೊಲಗಳನ್ನೇ ತೆತ್ತು ಕಲಿತರು. ನಮ್ಮ ಮಕ್ಕಳು ಶಾಲೆಯಲ್ಲೇ ಕಲಿತರೆ ಅಷ್ಟು ಭೂಮಿ ಉಳಿದೀತು. ದುಡಿಮೆಗಾಗಿ ಗೋವೆಗೋ ಪುಣೆಗೋ ಗುಳೆ ಹೋಗುವ ಕುಟುಂಬಗಳ ಸಂಖ್ಯೆಯೂ ತಗ್ಗೀತು.

ಆದುದರಿಂದ ವಿದ್ಯಾರ್ಥಿಗಳೇ, ದೂರದ ಹಿಮಗಡ್ಡೆಯ ಮಾತಿಗಿಂತ ಮೊದಲು ಊರ ಬಾವಿಯ ಮಾತನ್ನು ಹೇಳಿರಿ. ಹಗ್ಗಕ್ಕೆ ಗಂಟು ಹಾಕಿ, ಗುರುಗಳ ಸಮ್ಮುಖದಲ್ಲಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ ನೀರಿನ ಆಳವನ್ನು ಅಳೆಸಿರಿ. ಮಕ್ಕಳಿಗೆ ಲೆಕ್ಕವನ್ನೂ ಕೊಡಿರಿ: ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುತ್ತದೆ. ಹಾಗಾದರೆ 100 ಚದರ ಮೀಟರಿನ ಶಾಲೆಯ ಮಾಳಿಗೆಯ ಮೇಲೆ ಬೀಳುವ ನೀರು ಸುಮಾರು 60,000 ಲೀಟರ್! ಆ ಉತ್ತರ ಕಂಡ ಮಗು ಮಳೆಯನ್ನು ಮತ್ತೆ ಹಿಂದಿನಂತೆ ನೋಡದು.

ಇನ್ನೊಂದು ಮಾತು. ವೈದ್ಯ, ಶಿಕ್ಷಕ, ಪೊಲೀಸ್ ಎಂಬ ಉದ್ಯೋಗಗಳನ್ನು ಮಕ್ಕಳು ಬಲ್ಲರು. ಮಣ್ಣು ಪರೀಕ್ಷಿಸುವವರು, ಅಂತರ್ಜಲದ ತಜ್ಞರು, ಅರಣ್ಯಾಧಿಕಾರಿಗಳು, ಹವಾಮಾನ ವಿಜ್ಞಾನಿಗಳು, ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ದುಡಿಯುವವರು ಇದ್ದಾರೆಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಒಣಬೇಸಾಯದ ಸಂಶೋಧನೆಗೆ 1930ರ ದಶಕದಲ್ಲೇ ಆಯ್ಕೆಯಾದ ಸ್ಥಳಗಳಲ್ಲಿ ನಮ್ಮ ವಿಜಾಪುರವೂ ಒಂದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮಹಾವಿದ್ಯಾಲಯ ಇಲ್ಲಿದೆ. ಹಿಂದೆ ನೀರು ಬಂದ ತೊರವಿಯಲ್ಲಿಯೇ ಇಂದು, 2003ರಲ್ಲಿ ಸ್ಥಾಪಿತವಾದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ದ್ರಾಕ್ಷಿ ತೋಟದಲ್ಲಿ ತಾಯಿಯೊಡನೆ ದುಡಿಯುವ ತಿಕೋಟಾದ ಬಾಲಕಿಯೂ ವಿಜ್ಞಾನಿಯಾಗಬಲ್ಲಳು. ಆ ಬಾಗಿಲನ್ನು ಅವಳಿಗೆ ತೋರಿಸುವವರು ನೀವಾಗಿರಿ. ಪೋಷಕರೇ, ಹತ್ತನೆಯ ತರಗತಿಯೊಡನೆ ಹೆಣ್ಣುಮಕ್ಕಳ ಓದನ್ನು ನಿಲ್ಲಿಸಬೇಡಿರಿ ಎಂದು ನಾವು ಬೇಡಿಕೊಳ್ಳುತ್ತೇವೆ.

ದೇವರು ಮಾನವನನ್ನು ತೋಟದಲ್ಲಿ ಇರಿಸಿದ್ದು ಅದನ್ನು ವ್ಯವಸಾಯ ಮಾಡಲೂ ಕಾಯಲೂ ಎಂದು ಆದಿಕಾಂಡ ತಿಳಿಸುತ್ತದೆ. ವ್ಯವಸಾಯವನ್ನು ಕಲಿತ ನಾವು ಕಾಯುವುದನ್ನು ಮರೆಯಲಾಗದು. 2025ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದ ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಈ ಭೂಮಿಯನ್ನು ಎಲ್ಲರ ಮನೆಯೆಂದು ಕರೆದು, ಅದರ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಆಲಿಸಬೇಕೆಂದು ಬೋಧಿಸಿದರು. ನೀವು ಹೋಗುವ ಶಾಲೆಗಳಲ್ಲಿ ನಮ್ಮ ಸಭೆಯ ಮಕ್ಕಳು ವಿರಳ; ಎಲ್ಲರೂ ದೇವರ ಮಕ್ಕಳು, ಎಲ್ಲರೂ ಕುಡಿಯುವುದು ಅದೇ ನೀರು.

ಸೃಷ್ಟಿಕರ್ತರಾದ ದೇವರು ನಿಮ್ಮ ಸೇವೆಯನ್ನು ಆಶೀರ್ವದಿಸಲಿ. ಪರಿಸರ ಪ್ರೇಮಿಗಳ ಪಾಲಕರಾದ ಅಸಿಸ್ಸಿಯ ಸಂತ ಫ್ರಾನ್ಸಿಸರು ನಿಮಗಾಗಿ ಪ್ರಾರ್ಥಿಸಲಿ.