ಯುಎಕ್ಸ್ ಡಿಸೈನ್ ಕಲಿಕೆ ಮತ್ತು ನಮ್ಮ ಅರ್ಜಿ ನಮೂನೆ

(ಖಟಕ ಚಿಂಚೋಳಿಯಲ್ಲಿ ನಡೆದ ಶಿಷ್ಯವೇತನ ವಿತರಣಾ ಸಭೆಯಲ್ಲಿ ಶಿಷ್ಯವೇತನ ಸಮಿತಿಯ ಪರವಾಗಿ ಆಡಿದ ಮಾತು)





ಈ ಸಲ ಬಂದ ಅರ್ಜಿಗಳಲ್ಲಿ "ಮುಂದೆ ಏನು ಓದುವಿರಿ" ಎಂಬ ಕಾಲಂನಲ್ಲಿ ಡಾಕ್ಟರ್, ಇಂಜಿನಿಯರ್, ನರ್ಸಿಂಗ್ ಇವುಗಳ ನಡುವೆ ಒಂದು ಹೊಸ ಹೆಸರು ಕಂಡಿತು. ಯುಎಕ್ಸ್ ಡಿಸೈನ್. ಸಮಿತಿಯಲ್ಲಿ ಓದಿ ಹೇಳಿದಾಗ ಹಿರಿಯರೊಬ್ಬರು, "ಬಿದರಿ ಹೂಜಿ ಮ್ಯಾಲ ಹೂ ಬಳ್ಳಿ ತೆಗೀತಾರಲ್ಲ, ಅದೇನು?" ಎಂದು ಕೇಳಿದರು. ನಕ್ಕೆವು. ಆದರೆ ಸರಿಯಾದ ಉತ್ತರ ನಮ್ಮಲ್ಲಿಯೂ ಇರಲಿಲ್ಲ. ಬೆಂಗಳೂರಿನಲ್ಲಿ ಆ ಕೆಲಸ ಮಾಡುವ ನಮ್ಮ ಕಡೆಯ ಹುಡುಗರನ್ನು ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇವೆ.

ಯೂಸರ್ ಎಕ್ಸ್‌ಪೀರಿಯೆನ್ಸ್ ಎಂದರೆ ಒಂದು ವಸ್ತುವನ್ನೋ ಸೇವೆಯನ್ನೋ ಬಳಸುವವನಿಗೆ ಆಗುವ ಅನುಭವ. ಈ ಹೆಸರನ್ನು ರೂಢಿಗೆ ತಂದವರು ಡಾನ್ ನಾರ್ಮನ್. 1993ರಲ್ಲಿ ಅವರು ಆ್ಯಪಲ್ ಕಂಪನಿಯಲ್ಲಿದ್ದಾಗ ತಮ್ಮ ಹುದ್ದೆಗೇ ಈ ಹೆಸರು ಇಟ್ಟುಕೊಂಡರು. ಹೆಸರು ಹೊಸದು, ಕೆಲಸ ಹಳೆಯದು. 1958ರಲ್ಲಿ ಭಾರತ ಸರ್ಕಾರದ ಕರೆಯ ಮೇಲೆ ಬಂದ ಅಮೆರಿಕದ ಈಮ್ಸ್ ದಂಪತಿ ತಮ್ಮ ವರದಿಯಲ್ಲಿ ಹೊಗಳಿದ್ದು ಯಾವ ಅರಮನೆಯನ್ನೂ ಅಲ್ಲ, ನಮ್ಮ ತಂಬಿಗೆಯನ್ನು. ಅದರ ಕತ್ತು ಕೈಗೆ ಹೇಗೆ ಕೂರುತ್ತದೆ, ತುಂಬಿದಾಗ ತೂಕ ಎಷ್ಟು, ನೀರು ಹೇಗೆ ಬೀಳುತ್ತದೆ ಎಂದೆಲ್ಲ ಯೋಚಿಸಿದ್ದರು. ಆ ವರದಿಯ ಫಲವಾಗಿಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ಶುರುವಾಯಿತು. ವುಜೂ ಮಾಡಲು ತಂಬಿಗೆ ಎತ್ತುವಾಗ ನಾವು ಇದನ್ನೆಲ್ಲ ಯೋಚಿಸುವುದಿಲ್ಲ. ಯೋಚಿಸುವ ಪ್ರಸಂಗ ಬಾರದಿರುವುದೇ ಅದನ್ನು ಮಾಡಿದವನ ಜಾಣತನ.

ಈಗ ನಮ್ಮ ತಪ್ಪಿಗೆ ಬರುತ್ತೇವೆ.

ಎರಡು ವರ್ಷದ ಹಿಂದೆ ಕಾಗದದ ಅರ್ಜಿ ನಿಲ್ಲಿಸಿ ಮೊಬೈಲಿನಲ್ಲಿ ತುಂಬುವ ಅರ್ಜಿ ತಂದೆವು. ಕೆಲಸ ಬೇಗ ಆಗುತ್ತದೆ ಎಂದು ಹೆಮ್ಮೆಪಟ್ಟೆವು. ಪಿಯುಸಿ ಮುಗಿಸಿದ ಒಬ್ಬ ಹುಡುಗಿ, ಹಿಂದಿನ ವರ್ಷ ನಮ್ಮಿಂದ ನೆರವು ಪಡೆದವಳು, ಆ ವರ್ಷ ಅರ್ಜಿ ಹಾಕಲಿಲ್ಲ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ "ಅರ್ಜಿ ಬಂದಿಲ್ಲ" ಎಂದು ಬರೆದುಕೊಂಡು ಸುಮ್ಮನಾದೆವು. ತಿಂಗಳುಗಳ ನಂತರ ಅವಳ ತಾಯಿ ಸಿಕ್ಕಾಗ ವಿಷಯ ತಿಳಿಯಿತು. ಅರ್ಜಿಯಲ್ಲಿ ತಂದೆಯ ಆದಾಯ ಪ್ರಮಾಣಪತ್ರ ಹಾಕದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ತಂದೆ ತೀರಿಕೊಂಡು ಆರು ತಿಂಗಳಾಗಿತ್ತು. ಹುಡುಗಿ ನಾಲ್ಕು ದಿನ ಪ್ರಯತ್ನಿಸಿ, "ನಮಗೆ ಬರೋದಿಲ್ಲ ಅಮ್ಮಿ" ಎಂದು ಬಿಟ್ಟಳಂತೆ. ಬಂದು ಕೇಳಲು ಸಂಕೋಚ. ಒಂದು ವರ್ಷ ಮನೆಯಲ್ಲಿ ಕುಳಿತು ಈಗ ಬಿ.ಕಾಂ. ಸೇರಿದ್ದಾಳೆ. ಹೋದ ವರ್ಷವನ್ನು ನಾವು ಮರಳಿ ಕೊಡಲಾರೆವು. ನಮ್ಮ ಕೈಯಲ್ಲಿರುವುದು ಜಕಾತ್ ಮತ್ತು ಸದಕಾದ ಹಣ, ಜನ ನಂಬಿ ಇಟ್ಟ ಅಮಾನತ್. ಅದರ ನೆರವು ಬೇಕಿದ್ದ ಯತೀಮ್ ಮಗುವನ್ನೇ ನಮ್ಮ ಅರ್ಜಿ ಬಾಗಿಲಲ್ಲಿ ತಡೆದಿತ್ತು.

ಬೆಂಗಳೂರಿನ ಹುಡುಗರಿಗೆ ಇದನ್ನು ಹೇಳಿದಾಗ ಅವರು, "ಐದು ಮಕ್ಕಳನ್ನು ಕೂರಿಸಿ ಅರ್ಜಿ ತುಂಬಲು ಹೇಳಿ. ನೀವು ಬಾಯಿ ಬಿಡಬೇಡಿ, ನೋಡುತ್ತಿರಿ" ಎಂದರು. ಐದೇ ಯಾಕೆ ಎಂದು ಕೇಳಿದೆವು. ಜೇಕಬ್ ನೀಲ್ಸನ್ ಎಂಬ ತಜ್ಞರು 2000ದಲ್ಲಿ ಬರೆದ ಲೇಖನದಿಂದ ಇದು ಪ್ರಸಿದ್ಧವಾಯಿತಂತೆ: ಹೆಚ್ಚಿನ ತೊಡಕುಗಳು ಮೊದಲ ಐದು ಜನರಲ್ಲೇ ಕಾಣುತ್ತವೆ, ಅವನ್ನು ಸರಿಪಡಿಸಿ ಮತ್ತೆ ಐದು ಜನರನ್ನು ಕೂರಿಸುವುದು ಒಳ್ಳೆಯದು.

ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟ ಎಂದು ಆ ದಿನ ಗೊತ್ತಾಯಿತು. ಮೊದಲ ಹುಡುಗಿ "ಸರ್‌ನೇಮ್" ಎಂಬಲ್ಲೇ ನಿಂತಳು. ಅವಳ ಹೆಸರಿನ ಕೊನೆಗೆ ಬೇಗಂ ಇದೆ, ಅದು ಮನೆತನದ ಹೆಸರಲ್ಲ. ಒಬ್ಬ ಹುಡುಗನ ಮೊಹಮ್ಮದ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ತರಹ, ಆಧಾರ್‌ನಲ್ಲಿ ಇನ್ನೊಂದು ತರಹ. ಯಾವುದನ್ನು ಬರೆಯಲಿ ಎಂದು ನಮ್ಮ ಮುಖ ನೋಡಿದ. ಇನ್ನೊಬ್ಬಳ ಓಟಿಪಿ ಹೈದರಾಬಾದಿನಲ್ಲಿ ಕೆಲಸಕ್ಕಿರುವ ಅಣ್ಣನ ಫೋನಿಗೆ ಹೋಯಿತು. ಅವನು ಫೋನ್ ಎತ್ತುವಷ್ಟರಲ್ಲಿ ಅದರ ಸಮಯ ಮುಗಿದಿತ್ತು, ತುಂಬಿದ್ದೆಲ್ಲ ಅಳಿಸಿಹೋಯಿತು. ಮಕ್ಕಳು ದಡ್ಡರಲ್ಲ. ಅರ್ಜಿ ಬರೆದ ನಾವು ಅವರ ಮನೆಯನ್ನು ಕಣ್ಣ ಮುಂದೆ ಇಟ್ಟುಕೊಂಡಿರಲಿಲ್ಲ.

ಮಕ್ಕಳೆ, ಯುಎಕ್ಸ್ ಕೆಲಸದ ತಿರುಳು ಇದೇ. ನೋಡುವುದು, ಕೇಳುವುದು, ಕಾಗದದ ಮೇಲೆ ಗೀಚಿ ತೋರಿಸುವುದು, ಮತ್ತೆ ತಿದ್ದುವುದು. ಫಿಗ್ಮಾದಂಥ ಸಾಫ್ಟ್‌ವೇರ್ ಆಮೇಲೆ ಬರುತ್ತದೆ, ಅದನ್ನು ಕಲಿಯಲು ಹೆಚ್ಚು ದಿನ ಬೇಡ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ ಆಡುವ ನಿಮಗೆ ಜನರನ್ನು ಕೇಳಿ ತಿಳಿಯುವ ಶಕ್ತಿ ಆಗಲೇ ಇದೆ. ಉರ್ದು ಬಲದಿಂದ ಎಡಕ್ಕೆ ಓಡುತ್ತದೆ, ಅದರ ನಡುವೆ ಬರುವ ಫೋನ್ ನಂಬರ್ ಎಡದಿಂದ ಬಲಕ್ಕೆ. ಪರದೆಯ ಮೇಲೆ ಇವೆರಡನ್ನೂ ಹೊಂದಿಸುವ ಕಷ್ಟ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ಪಿಯುಸಿ ವಿಜ್ಞಾನ, ವಾಣಿಜ್ಯ, ಕಲೆ ಯಾವುದೇ ಆಗಿರಲಿ, ಐಐಟಿಗಳ ಬಿ.ಡಿಸೈನ್ ಪದವಿಗೆ ಯುಸೀಡ್ ಪರೀಕ್ಷೆ ಬರೆಯಬಹುದು. ಐಐಟಿ ಬಾಂಬೆ ಇದನ್ನು ನಡೆಸುತ್ತದೆ. ನಮಗೆ ಹತ್ತಿರದ ಐಐಟಿ ಹೈದರಾಬಾದಿನಲ್ಲೂ ಈ ಪದವಿ ಇದೆ. ಪದವಿ ಮುಗಿಸಿದವರಿಗೆ ಸೀಡ್ ಪರೀಕ್ಷೆ. ಎನ್‌ಐಡಿಗೆ ಪ್ರತ್ಯೇಕ ಪರೀಕ್ಷೆ, ಅದರ ಬೆಂಗಳೂರು ಕೇಂದ್ರದಲ್ಲಿ ಇಂಟರಾಕ್ಷನ್ ಡಿಸೈನ್ ಸ್ನಾತಕೋತ್ತರ ಕಲಿಕೆ ಇದೆ. ಶುಲ್ಕ ಕಡಿಮೆಯಲ್ಲ, ಸೀಟು ಸುಲಭವಲ್ಲ. ಮೂರು ತಿಂಗಳಲ್ಲಿ ನೌಕರಿ ಖಾತ್ರಿ ಎಂದು ಸಾಲ ಮಾಡಿಸುವ ಕೋರ್ಸುಗಳಿಗೆ ಮಾತ್ರ ನಮ್ಮನ್ನು ಕೇಳದೆ ಹಣ ಕಟ್ಟಬೇಡಿ. ಕೆಲಸ ಕೊಡುವವರು ಸರ್ಟಿಫಿಕೇಟಿಗಿಂತ ಹೆಚ್ಚಾಗಿ ನೀವು ಯಾವ ತೊಡಕನ್ನು ಹೇಗೆ ಬಿಡಿಸಿದಿರಿ ಎಂದು ನೋಡುತ್ತಾರೆ. ಪಡಿತರ ಅಂಗಡಿಯ ಸರದಿ, ಬಸ್ ನಿಲ್ದಾಣದ ಬೋರ್ಡು, ಇಂಥ ಒಂದನ್ನು ಹಿಡಿದು ಈಗಲೇ ಶುರು ಮಾಡಬಹುದು.

ಈ ವರ್ಷದಿಂದ ಈ ಪ್ರವೇಶ ಪರೀಕ್ಷೆಗಳ ಅರ್ಜಿ ಶುಲ್ಕ ಮತ್ತು ಹೈದರಾಬಾದಿಗೆ ಹೋಗಿ ಬರುವ ಬಸ್ ಖರ್ಚನ್ನು ಟ್ರಸ್ಟ್ ಭರಿಸಲಿದೆ. ತಿದ್ದಿದ ಶಿಷ್ಯವೇತನ ಅರ್ಜಿ ಈ ವರದಿಯ ಕೊನೆಯ ಹಾಳೆಯಲ್ಲಿದೆ. ಕತ್ತರಿಸಿ ತುಂಬಬಹುದು, ಮೊಬೈಲಿನಲ್ಲೂ ತುಂಬಬಹುದು. ಹೆಸರನ್ನು ಅಂಕಪಟ್ಟಿಯಲ್ಲಿ ಇರುವಂತೆ ಒಂದೇ ಸಾಲಿನಲ್ಲಿ ಬರೆಯಿರಿ. "ತಂದೆ" ಎಂದಿದ್ದಲ್ಲಿ ಈಗ "ತಂದೆ, ತಾಯಿ ಅಥವಾ ಪೋಷಕರು" ಎಂದಿದೆ. ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಇನ್ನೂ ಬಂದಿರದಿದ್ದರೆ ಅರ್ಜಿ ಕೊಡಿ, ಪತ್ರ ಆಮೇಲೆ ತನ್ನಿ.

ಇವತ್ತು ಅಸರ್ ನಮಾಜಿನ ನಂತರ ಇದೇ ಹಾಲ್‌ನಲ್ಲಿ ಇನ್ನೂ ಐದು ಮಕ್ಕಳು ನಮ್ಮ ಮುಂದೆ ಕುಳಿತು ಈ ಹೊಸ ಅರ್ಜಿ ತುಂಬಬೇಕು. ಮೊಬೈಲ್ ಬಳಸಿ ಅಭ್ಯಾಸ ಇಲ್ಲದ ತಾಯಂದಿರು ಒಬ್ಬಿಬ್ಬರು ಬಂದರೆ ಇನ್ನೂ ಒಳ್ಳೆಯದು. ಚಹಾ ಇರುತ್ತದೆ.